ಕೈನೋವು ಬೇರೆ, ತಪ್ಪುವ ಗುರಿ ಬೇರೆ

ನಿಮ್ಮಲ್ಲಿರುವುದು ಎರಡು ಇಂಚು ನಳಿಗೆಯ, ಐದು ತೋಟಾ ಹಿಡಿಯುವ ಹಗುರವಾದ .38 ಸ್ಪೆಷಲ್ ರಿವಾಲ್ವರ್. ಅಭ್ಯಾಸ ಮಾಡಿದರೆ ಕೈ ನೋಯುತ್ತದೆ, ಗುಂಡುಗಳು ಕೆಳಗೆ ಎಡಕ್ಕೆ ಬೀಳುತ್ತವೆ, ಇದನ್ನು ಕೊಟ್ಟು ಅಂಗಡಿಯಲ್ಲಿರುವ ನಾಲ್ಕು ಇಂಚಿನ ಹಳೆಯ .357 ಮ್ಯಾಗ್ನಮ್ ತೆಗೆದುಕೊಳ್ಳಲೇ ಎಂದು ಕೇಳಿದ್ದೀರಿ.

ಬರೀ ಗುರಿ ಅಭ್ಯಾಸಕ್ಕಾದರೆ ತೆಗೆದುಕೊಳ್ಳಿ ಎನ್ನುತ್ತೇನೆ. ಆದರೆ ನಿಮ್ಮ ಎರಡು ದೂರುಗಳಲ್ಲಿ ಒಂದು ಮಾತ್ರ ರಿವಾಲ್ವರಿನದು. ನೋವಿಗೆ ತೂಕ ಕಾರಣ: ಅಲ್ಯೂಮಿನಿಯಂ ಚೌಕಟ್ಟಿನ ಸಣ್ಣ ರಿವಾಲ್ವರ್ 450 ಗ್ರಾಂ ಕೂಡ ಇರುವುದಿಲ್ಲ, ನಾಲ್ಕು ಇಂಚಿನ ಉಕ್ಕಿನದು ಒಂದು ಕಿಲೋ ಆಸುಪಾಸು ತೂಗುತ್ತದೆ. ಅದೇ ತೋಟಾ, ಒದೆತ ಮಾತ್ರ ಎಷ್ಟೋ ಕಡಿಮೆ. ಬಲಗೈಯವರ ಗುಂಡು ಕೆಳಗೆ ಎಡಕ್ಕೆ ಹೋಗುವುದು ಮಾತ್ರ ಹೆಚ್ಚಾಗಿ ಟ್ರಿಗರನ್ನು ಜಗ್ಗುವುದರಿಂದ. ಆ ಅಭ್ಯಾಸ ನಿಮ್ಮ ಜೊತೆ ಹೊಸ ರಿವಾಲ್ವರಿಗೂ ಬರುತ್ತದೆ. ಹಾಗಾಗಿ ಮೊದಲು ಬೆರಳು ತುಂಬುವಂಥ ರಬ್ಬರ್ ಹಿಡಿಕೆ ಹಾಕಿಸಿ. ಮದ್ದಿಲ್ಲದ, ಅಭ್ಯಾಸಕ್ಕೆಂದೇ ಇರುವ ನಕಲಿ ತೋಟಾ ತುಂಬಿ, ಸುರಕ್ಷಿತ ದಿಕ್ಕಿಗೆ ಹಿಡಿದು, ಹ್ಯಾಮರ್ (ತೋಟಾ ಸಿಡಿಸುವ ಹಿಂದಿನ ಸುತ್ತಿಗೆ) ಬೀಳುವಾಗ ಮುಂದಿನ ಗುರಿಕಡ್ಡಿ ಅಲುಗದಂತೆ ಕೆಲವು ವಾರ ಅಭ್ಯಾಸ ಮಾಡಿ. ಆಮೇಲೂ ಬೇಕೆನಿಸಿದರೆ ಬದಲಿಸಿ.

.357ರ ದೊಡ್ಡ ಅನುಕೂಲವೆಂದರೆ ಅದರಲ್ಲಿ .38 ಸ್ಪೆಷಲ್ ತೋಟಾವನ್ನೂ ಹಾರಿಸಬಹುದು. 1935ರಲ್ಲಿ ಮ್ಯಾಗ್ನಮ್ ಬಂದಾಗ ಅದರ ತೋಟಾದ ಲೋಹದ ಕೋಶವನ್ನು ಮೂರು ಮಿಲಿಮೀಟರಿಗೂ ತುಸು ಹೆಚ್ಚು ಉದ್ದ ಮಾಡಿದ್ದೇ ಅದು .38ರ ಸಿಲಿಂಡರಿನಲ್ಲಿ, ಅಂದರೆ ತೋಟಾ ತುಂಬುವ ತಿರುಗು ಉರುಳೆಯಲ್ಲಿ, ಕೂರಬಾರದು ಎಂದು. ಚಿಕ್ಕ ತೋಟಾ ಹೆಚ್ಚು ಹಾರಿಸಿದರೆ ಚೇಂಬರಿನ (ಸಿಲಿಂಡರಿನಲ್ಲಿ ತೋಟಾ ಕೂರುವ ರಂಧ್ರದ) ಮುಂಭಾಗದಲ್ಲಿ ಮಸಿಯ ಉಂಗುರ ಕಟ್ಟುತ್ತದೆ; ಮ್ಯಾಗ್ನಮ್ ತುಂಬುವ ಮೊದಲು ಕಂಚಿನ ಬ್ರಷ್‌ನಿಂದ ಉಜ್ಜಿ ತೆಗೆಯಿರಿ.

ಇನ್ನು ಹಳೆಯ ರಿವಾಲ್ವರ್ ನೋಡುವ ಬಗೆ. ಅವಸರ ಬೇಡ. ಸಿಲಿಂಡರ್ ತೆರೆದು ಪ್ರತಿ ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳಿ. ಮುಚ್ಚಿ, ಸಿಲಿಂಡರಿಗೆ ಬೆರಳು ಸ್ವಲ್ಪ ತಾಗಿಸಿ ತಡೆಯೊಡ್ಡುತ್ತಾ ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆಳೆಯಿರಿ. ಹ್ಯಾಮರ್ ನಿಲ್ಲುವ ಹೊತ್ತಿಗೆ ಸಿಲಿಂಡರ್ ಬೀಗ ಬಿದ್ದಿರಬೇಕು. ಒಂದು ಚೇಂಬರಿನಲ್ಲಿ ಸರಿಯಿದ್ದು ಇನ್ನೊಂದರಲ್ಲಿ ತಡವಾಗುವುದುಂಟು, ಆರನ್ನೂ ನೋಡಿ. ಟ್ರಿಗರ್ ಒತ್ತಿ ಹಿಡಿದಾಗ ಸಿಲಿಂಡರ್ ಪಕ್ಕಕ್ಕೆ ಕೂದಲೆಳೆಯಷ್ಟು ಅಲುಗಿದರೆ ಅಡ್ಡಿಯಿಲ್ಲ. ಹಿಂದೆ ಮುಂದೆ ಆಡಿ ಟಕಟಕ ಎಂದರೆ ಸವೆದಿದೆ ಎಂದೇ ಅರ್ಥ. ನಳಿಗೆಗೂ ಸಿಲಿಂಡರಿಗೂ ನಡುವಿನ ಸಂದು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳಲ್ಲಿ) 0.10ರಿಂದ 0.20 ಮಿಲಿಮೀಟರ್ ಒಳಗೆ ಬಂದರೆ ಚೆನ್ನ. ನಳಿಗೆಯ ಹಿಂತುದಿಯ ಕೆಳಭಾಗಕ್ಕೆ ಟಾರ್ಚ್ ಬಿಟ್ಟು ಬಿರುಕು ಹುಡುಕಿ. ಮಧ್ಯಮ ಚೌಕಟ್ಟಿನ ಹಳೆಯ .357ಗಳಲ್ಲಿ, ಹಗುರ ಗುಂಡಿನ ಬಿರುಸಾದ ತೋಟಾ ಬಹಳ ಹಾರಿಸಿದ್ದರೆ, ಬಿರುಕು ಬಿಡುವುದು ಅಲ್ಲೇ. ಪಕ್ಕದ ಫಲಕದ ತಿರುಪುಗಳ ತಲೆ ಜಜ್ಜಿ ಹೋಗಿದ್ದರೆ ಕೆಲಸ ಬಾರದವರು ಒಳಗೆ ಕೈ ಹಾಕಿದ್ದಾರೆ. ಅಂಥದ್ದನ್ನು ನಾನು ಮುಟ್ಟುವುದಿಲ್ಲ.

ವಿನಿಮಯದಲ್ಲಿ ಅಂಗಡಿಯವರು ತಮ್ಮ ಲಾಭ ಇಟ್ಟುಕೊಂಡೇ ಬೆಲೆ ಕಟ್ಟುತ್ತಾರೆ, ಅದು ಸಹಜ. ಪರವಾನಗಿಯ ನಮೂದು ಬದಲಿಸುವ ಕ್ರಮವನ್ನು ಮೊದಲೇ ವಿಚಾರಿಸಿಕೊಳ್ಳಿ. ದಿನವೂ ಸೊಂಟದಲ್ಲಿ ಇರುವುದು ಈ ಚಿಕ್ಕದೇ ಆದರೆ ಕೊಡಲೇಬೇಡಿ. ಹಣ ಕೂಡಿಸಿ ದೊಡ್ಡದನ್ನು ಬೇರೆಯಾಗಿ ಕೊಳ್ಳಿ, ಎರಡನೆಯದಕ್ಕೆ ಪರವಾನಗಿ ಸಿಗುವಂತಿದ್ದರೆ.

ಸಂದಿನ ಅಳತೆ ಮತ್ತು ನಳಿಗೆಯ ಹಿಂತುದಿಯ ಚಿತ್ರ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.