ಮಗನ ಮನೆಪಾಠದ ಬಗ್ಗೆ ಕೇಳಿದ್ದೀರಲ್ಲ

ತಂಗಿ, ಅಮೆರಿಕದ ಡಲ್ಲಾಸಿಗೆ ಬಂದು ಮೂರು ತಿಂಗಳು, ಮಗ ಒಂಬತ್ತನೇ ಕ್ಲಾಸಿಗೆ ಬಂದ, ಇಗರ್ಜಿಯಲ್ಲಿ (ಚರ್ಚಿನಲ್ಲಿ) ಸಿಕ್ಕವರೆಲ್ಲ ಹೋಮ್‌ಸ್ಕೂಲ್ ಮಾಡಿ, ಅಂದರೆ ಶಾಲೆಗೆ ಕಳಿಸದೆ ಮನೆಪಾಠ ಮಾಡಿ, ಪ್ರಶ್ನೆ ಕೇಳಿ ಕೇಳಿಯೇ ಕಲಿಸುವ ಆನ್‌ಲೈನ್ ಸಾಕ್ರಟಿಕ್ ಕ್ಲಾಸಿಗೆ ಹಾಕಿ ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ಕಾನೂನಿಗೆ ಸರಿಯಾ, ಕಾಲೇಜು ಸಿಗ್ತದಾ, ಖರ್ಚೆಷ್ಟು, ಪ್ರಶ್ನೆ ಕೇಳ್ತಾ ಕೇಳ್ತಾ ಹುಡುಗನಿಗೆ ದೇವರ ಮೇಲಿನ ವಿಶ್ವಾಸವೇ ಹೋದರೆ ಏನು ಗತಿ, ಇವು ನಿಮ್ಮ ಪ್ರಶ್ನೆಗಳು. ಕೊನೆಯದನ್ನು ಓದುವಾಗ ನನ್ನದೇ ಹಳೆಯ ಪತ್ರ ಓದಿದ ಹಾಗಾಯಿತು.

ನಾನು ಬಂದದ್ದು 2005ರ ಜನವರಿಯಲ್ಲಿ, ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು. ಊರಲ್ಲಿ ಎಂಟು ವರ್ಷ ಹೈಸ್ಕೂಲಿಗೆ ಗಣಿತ ಕಲಿಸಿದವಳು. ನನ್ನ ಕ್ಲಾಸಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ ಅಂತ ಹೆಡ್‌ಮಿಸ್ ಹೊಗಳುತ್ತಿದ್ದರು. ಇಲ್ಲಿ ಕೈಯಲ್ಲಿದ್ದದ್ದು ಎಚ್4 ವೀಸಾ, ಕೆಲಸದ ವೀಸಾದಲ್ಲಿ ಬಂದವರ ಹೆಂಡತಿ-ಮಕ್ಕಳಿಗೆ ಕೊಡುವಂಥದ್ದು, ಆಗ ಅದರಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಕಲಿಸುವ ಕೈ ಸುಮ್ಮನಿರ್ತದಾ? ಮಗಳು ಹೈಸ್ಕೂಲಿಗೆ ಬರುವಾಗ ಮನೆಪಾಠ ಶುರು ಮಾಡಿದೆ. ಅರ್ಧ ಅವಳಿಗಾಗಿ, ಅರ್ಧ ನನಗಾಗಿ.

ಕಾನೂನಿನ ಹೆದರಿಕೆ ಬೇಡ. ಟೆಕ್ಸಾಸಿನಲ್ಲಿ ಮನೆಪಾಠ ಅಂದರೆ ಖಾಸಗಿ ಶಾಲೆಯ ಲೆಕ್ಕ, 1994ರಲ್ಲಿ ಈ ರಾಜ್ಯದ ಸುಪ್ರೀಂ ಕೋರ್ಟೇ ಹಾಗೆ ಹೇಳಿದೆ. ಓದು, ಸ್ಪೆಲ್ಲಿಂಗ್, ವ್ಯಾಕರಣ, ಗಣಿತ, ಪೌರನೀತಿ ಇದ್ದರೆ ಆಯಿತು. ಹುಡುಗ ಈಗಾಗಲೇ ಸರಕಾರಿ ಶಾಲೆಯಲ್ಲಿದ್ದರೆ ಬಿಡಿಸುತ್ತಿದ್ದೇವೆ ಅಂತ ಬರೆದು ಕೊಡಿ. ನಾಳೆ ನ್ಯೂಯಾರ್ಕಿಗೆ ವರ್ಗವಾದರೆ ಕಥೆಯೇ ಬೇರೆ, ಅಲ್ಲಿ ವರ್ಷಕ್ಕೆ ನಾಲ್ಕು ಸಲ ವರದಿ ಕೊಡಬೇಕು. ಕಾಲೇಜು ಸಿಗ್ತದೆ. ಅಂಕಪಟ್ಟಿ ನೀವೇ ತಯಾರಿಸುವುದು, ಜೊತೆಗೆ ಕಾಲೇಜು ಪ್ರವೇಶಕ್ಕೆ ನೋಡುವ ಎಸ್‌ಎಟಿ ಪರೀಕ್ಷೆ ಬರೆಸಿ. ಒಂದು ಮಾತ್ರ ನೆನಪಿಡಿ: ಊರಿಗೆ ಮರಳುವ ಯೋಚನೆ ಇದ್ದರೆ, ಅಪ್ಪ-ಅಮ್ಮ ಸಹಿ ಹಾಕಿದ ಡಿಪ್ಲೊಮಾ ಹಿಡಿದುಕೊಂಡು ನಮ್ಮ ಕಾಲೇಜಿನ ಕಿಟಕಿ ಎದುರು ನಿಲ್ಲುವುದು ಹೇಗಿರ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಇಲ್ಲೇ ಉಳಿದರೂ ಮಗನಿಗೆ ಇಪ್ಪತ್ತೊಂದು ತುಂಬಿದ ದಿನ ಅವನ ಎಚ್4 ಮುಗಿಯುತ್ತದೆ, ಲೆಕ್ಕ ಇಟ್ಟುಕೊಳ್ಳಿ. ಖರ್ಚು ಒಂದೊಂದು ಕಡೆ ಒಂದೊಂದು ಥರ, ಎದುರು ಸಿಕ್ಕಾಗ ಮಾತಾಡುವ.

ಇನ್ನು ಕ್ಲಾಸು. ವಾರಕ್ಕೊಮ್ಮೆ, ಎರಡು ಗಂಟೆ, ತೆರೆಯ ಮೇಲೆ ಹತ್ತು-ಹನ್ನೆರಡು ಮಕ್ಕಳು. ಮೊದಲೇ ಓದಿಕೊಂಡು ಬಂದಿರಬೇಕು. ಮೇಷ್ಟ್ರು ಒಂದು ಪ್ರಶ್ನೆ ಹಾಕಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಯಾರು ಏನು ಹೇಳಿದರೂ ಪುಸ್ತಕದ ಯಾವ ಸಾಲಿನಲ್ಲಿ ಉಂಟು ಅಂತ ತೋರಿಸಬೇಕು. ಇನ್ನೊಬ್ಬನ ಮಾತನ್ನು ಒಪ್ಪದಿದ್ದರೆ, ಮೊದಲು ಅವನ ಮಾತನ್ನು ಅವನೇ ಹೌದು ಅನ್ನುವ ಹಾಗೆ ತಿರುಗಿ ಹೇಳಬೇಕು, ಆಮೇಲೆ ತಕರಾರು. ನನ್ನ ಮಗಳು ಮೊದಲ ಎರಡು ತಿಂಗಳು ತುಟಿ ಬಿಚ್ಚಲಿಲ್ಲ. ನಮ್ಮ ಮಕ್ಕಳು ಹಾಗೇ ಅಲ್ಲವಾ, ಹೆಸರು ಹಿಡಿದು ಕರೆದರೆ ಎದ್ದು ನಿಂತು ಉತ್ತರ, ಇಲ್ಲದಿದ್ದರೆ ಕೈಕಟ್ಟಿ ಕೂತದ್ದು. ಇಲ್ಲಿ ಅದನ್ನು ಮರ್ಯಾದೆ ಅಂತ ಯಾರೂ ತಿಳಿಯುವುದಿಲ್ಲ, ಓದಿಲ್ಲ ಅಂತ ತಿಳಿಯುತ್ತಾರೆ. ಮೊದಲ ಹತ್ತು ನಿಮಿಷದಲ್ಲಿ ಒಂದಾದರೂ ಮಾತು ಆಡಬೇಕು ಅಂತ ಮಗನ ಹತ್ತಿರ ಈಗಲೇ ಒಪ್ಪಂದ ಮಾಡಿಕೊಳ್ಳಿ.

ಒಂದು ದಿನ ಕ್ಲಾಸಿನಲ್ಲಿ ಪ್ಲೇಟೋನ 'ಮೆನೋ' ಓದುತ್ತಿದ್ದರು, ಹಳೆಯ ಗ್ರೀಸಿನ ಆ ತತ್ವಜ್ಞಾನಿ ತನ್ನ ಗುರು ಸಾಕ್ರಟಿಸ್‌ನ ಮಾತುಕತೆಯಾಗಿ ಬರೆದ ಪುಸ್ತಕ. ರೇಖಾಗಣಿತ ಕಲಿಯದ ಒಬ್ಬ ಗುಲಾಮ ಹುಡುಗನ ಎದುರು ಸಾಕ್ರಟಿಸ್ ನೆಲದ ಮೇಲೆ ಎರಡಡಿ ಬದಿಯ ಚೌಕ ಬರೆಯುತ್ತಾನೆ. ಇದರ ಎರಡರಷ್ಟು ವಿಸ್ತೀರ್ಣದ ಚೌಕಕ್ಕೆ ಬದಿ ಎಷ್ಟು? ಹುಡುಗ ನಾಲ್ಕು ಅನ್ನುತ್ತಾನೆ, ವಿಸ್ತೀರ್ಣ ಹದಿನಾರಾಗುತ್ತದೆ. ಮೂರು ಅನ್ನುತ್ತಾನೆ, ಒಂಬತ್ತಾಗುತ್ತದೆ. ಬೇಕಾದದ್ದು ಎಂಟು. ಅಲ್ಲಿಗೆ ಹುಡುಗ, ನನಗೆ ಗೊತ್ತಿಲ್ಲ ಅನ್ನುತ್ತಾನೆ. ಮೇಷ್ಟ್ರು ಅಲ್ಲೇ ಪುಸ್ತಕ ಮುಚ್ಚಿಸಿ, ನೀವೇ ಮಾಡಿ ಅಂದರು. ಮಗಳು ಕರೆಂಟ್ ಬಿಲ್ಲಿನ ಹಿಂದೆ ಚೌಕ ಬರೆದಳು, ಅಳಿಸಿದಳು, ಬರೆದಳು. ನಾನು ಒಲೆ ಮುಂದೆ. ಎಂಟು ವರ್ಷದ ಗಣಿತ ಗಂಟಲಿಗೆ ಬಂದು ಕೂತಿತ್ತು. "ಮೂಲೆಯಿಂದ ಮೂಲೆಗೆ ಎಳಿ ಮಾರಾಯ್ತಿ!" ಅಂತ ಕೂಗಿಯೇ ಬಿಟ್ಟೆ. ಮೈಕ್ ಆನ್ ಇತ್ತು. ಇಡೀ ಕ್ಲಾಸಿಗೆ ಕೇಳಿಸಿತು. ಯಾರಿಗೂ ಕನ್ನಡ ಬಾರದಿದ್ದದ್ದು ಪುಣ್ಯ, ಆದರೆ ಮಗಳಿಗೆ ಬರುತ್ತಿತ್ತಲ್ಲ. ಪೆನ್ಸಿಲ್ ಕೆಳಗಿಟ್ಟಳು. ಆ ದಿನ ಮತ್ತೆ ಎತ್ತಲಿಲ್ಲ.

ಅದು ನಗುವ ಸಂಗತಿ ಅಂತ ಇಟ್ಟುಕೊಳ್ಳಿ. ಇನ್ನೊಂದು ಹಾಗಲ್ಲ.

2016ರ ಸೆಪ್ಟೆಂಬರಿನಲ್ಲಿ ಊರಲ್ಲಿ ನನ್ನ ಮಮ್ಮಿ ಹಾಸಿಗೆ ಹಿಡಿದರು. ಹೋದರೆ ಮರಳಿ ಬರಲು ವೀಸಾ ಹೊಸದಾಗಿ ಹಾಕಿಸಬೇಕು, ಆ ಸ್ಟಾಂಪಿಂಗಿಗೆ ಹೆದರಿ ನಾನು ಹೋಗಲಿಲ್ಲ. ಅಲ್ಲಿ ಸಂಜೆ ಏಳಕ್ಕೆ ತೇರ್ಸು, ಅಂದರೆ ಜಪಸರದ ಪ್ರಾರ್ಥನೆ, ಇಲ್ಲಿ ಬೆಳಿಗ್ಗೆ ಎಂಟೂವರೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ನಾವೂ ಮೊಣಕಾಲೂರುತ್ತಿದ್ದೆವು. ಒಂದು ದಿನ ಜಪಸರದ ಹತ್ತು ಮಣಿಗಳ ಮೂರನೇ ಸುತ್ತು ಮುಗಿದಾಗ ಮಗಳು ಮೆಲ್ಲ ಕೇಳಿದಳು: "ಮಮ್ಮಿ, ನಾವು ಬೇಡಿಕೊಂಡರೆ ದೇವರು ಮನಸ್ಸು ಬದಲಿಸ್ತಾನಾ? ಬದಲಿಸೋದಿಲ್ಲ ಅಂದ್ರೆ ಯಾಕೆ ಬೇಡೋದು?" ಅಜ್ಜಿಯ ಪ್ರಾಣದ ಹೊತ್ತಿನಲ್ಲಿ ಎದುರು ಮಾತು ಅಂತ ನನ್ನ ತಲೆಗೆ ರಕ್ತ ಏರಿತು. "ಬಾಯಿ ಮುಚ್ಚಿ ತೇರ್ಸು ಹೇಳು" ಅಂದೆ. ಹೇಳಿದಳು. ಅಜ್ಜಿ ಆ ವಾರವೇ ತೀರಿಕೊಂಡರು.

ಎರಡು ವರ್ಷದ ಮೇಲೆ, ಹನ್ನೆರಡನೆಯ ಕ್ಲಾಸಿನಲ್ಲಿ, ಹದಿಮೂರನೇ ಶತಮಾನದ ದೇವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸರನ್ನು ಓದಿದರು. ಅವರ 'ಸುಮ್ಮಾ' ಎಂಬ ದೊಡ್ಡ ಗ್ರಂಥ ಹೇಗೆ ಅಂದರೆ, ಪ್ರತಿ ವಿಷಯಕ್ಕೂ ಮೊದಲು ಎದುರಾಳಿಯ ಆಕ್ಷೇಪ, ಅದೂ ಗಟ್ಟಿಯಾದದ್ದು, ಆಮೇಲೆ ಉತ್ತರ. ದೇವರಿದ್ದಾನೆಯೇ ಎಂಬಲ್ಲಿಯೂ ಮೊದಲ ಸಾಲು ಇಲ್ಲ ಎಂಬ ಕಡೆಯದೇ. ಒಂದು ಸಂಜೆ ಮಗಳು ಪುಸ್ತಕ ತೆರೆದು ನನ್ನ ಮುಂದೆ ಸರಿಸಿ, ಏನೂ ಹೇಳದೆ ಕೋಣೆಗೆ ಹೋದಳು. ಪ್ರಾರ್ಥಿಸುವುದು ಯುಕ್ತವೇ ಎಂಬ ಪ್ರಶ್ನೆ. ಎರಡನೇ ಆಕ್ಷೇಪ: ದೇವರ ಮನಸ್ಸು ಬದಲಾಗದು, ಆದ್ದರಿಂದ ಬೇಡುವುದು ಯುಕ್ತವಲ್ಲ. ಅವಳ ಮಾತೇ, ಏಳುನೂರು ವರ್ಷಕ್ಕೂ ಹಿಂದಿನದು. ಅವರ ಉತ್ತರ: ನಾವು ಬೇಡುವುದು ದೇವರ ನಿರ್ಣಯ ಬದಲಿಸಲಿಕ್ಕಲ್ಲ, ಪ್ರಾರ್ಥನೆಯ ಮೂಲಕವೇ ಕೊಡಬೇಕೆಂದು ಅವನು ನಿರ್ಣಯಿಸಿದ್ದನ್ನು ಪಡೆಯಲಿಕ್ಕೆ. ಸಂತರೊಬ್ಬರು ಕೂತು ಉತ್ತರ ಬರೆದ ಪ್ರಶ್ನೆಗೆ ನಾನು ಬಾಯಿ ಮುಚ್ಚು ಅಂದಿದ್ದೆ.

ಹಾಗಾಗಿ ವಿಶ್ವಾಸ ಹೋಗ್ತದಾ ಅಂತ ಕೇಳಿದರೆ, ಕ್ಲಾಸಿನಿಂದ ನನಗೆ ಭಯವಿಲ್ಲ. ಮೇಷ್ಟ್ರು ಯಾರು ಅಂತ ವಿಚಾರಿಸಿ, ಅಷ್ಟೇ. ಒಳ್ಳೆಯವರು ವಿಶ್ವಾಸದ ತತ್ವಗಳನ್ನು ಮಕ್ಕಳ ವೋಟಿಗೆ ಹಾಕುವುದಿಲ್ಲ. ತ್ರಿತ್ವವನ್ನು, ಅಂದರೆ ಪಿತ, ಪುತ್ರ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬುದನ್ನು, ಬರೀ ತರ್ಕದಿಂದ ಕಂಡುಹಿಡಿಯಲಾಗದು ಅಂತ ಅಕ್ವಿನಾಸರೇ ಹೇಳಿದ್ದಾರೆ, ಕೆಲವು ಸಂಗತಿ ಕೇಳಿಯೇ ಕಲಿಯುವಂಥದ್ದು.

ಮಗಳು ಈಗ ಬೇರೆ ರಾಜ್ಯದಲ್ಲಿದ್ದಾಳೆ, ಭಾನುವಾರದ ಪೂಜೆ ತಪ್ಪಿಸುವುದಿಲ್ಲ. ನಾನು ಸಾರಿ ಹೇಳಿದ್ದೇನೆ, "ಪರವಾಗಿಲ್ಲ ಮಮ್ಮಿ" ಅಂದಿದ್ದಾಳೆ. ಫೋನಿನಲ್ಲಿ ಊಟ, ಆಫೀಸು, ಚಳಿ ಎಲ್ಲ ಮಾತಾಡುತ್ತೇವೆ. ಅಂಥ ಪ್ರಶ್ನೆ ಮಾತ್ರ ಮತ್ತೆ ನನ್ನ ಹತ್ತಿರ ತಂದಿಲ್ಲ.

ಮಗನಿಗೆ ಮೈಕ್ ಇರುವ ಒಳ್ಳೆಯ ಹೆಡ್‌ಫೋನ್ ತೆಗೆದುಕೊಡಿ. ಕ್ಲಾಸಿನ ಎರಡು ಗಂಟೆ ನೀವು ಅಡುಗೆಮನೆಯಲ್ಲಿ ಇರಬೇಡಿ, ನಡೆಯಲು ಹೋಗಿ. ಬೇಕಾದರೆ ನನಗೆ ಫೋನ್ ಮಾಡಿ.