ಗದಗ, ಹಾನಗಲ್ಲ ಒಂದೇ ದಿನ ಬೇಡ ರೀ

ಸರ್, ನಿಮ್ಮ ಪ್ಲಾನ್ ಓದಿದೆ. ಎಂಟು ಮಂದಿ ಗೆಳೆಯರು, ಒಂದು ಎರ್ಟಿಗಾ, ಭಾನುವಾರ. ಧಾರವಾಡದಲ್ಲಿ ಬೇಂದ್ರೆಯವರ ಸಾಧನಕೇರಿಯಿಂದ ಶುರು, ಆಮೇಲೆ ಗದಗಿನ ವೀರನಾರಾಯಣ, ಲಕ್ಕುಂಡಿ, ಕನಕದಾಸರ ಕಾಗಿನೆಲೆ, ಸಂಜೆಗೆ ಹಾನಗಲ್ಲ. ಓದಿದ ಕಥೆಗಳ ಜಾಗ ಎಲ್ಲಾ ಒಂದೇ ದಿನ ಮುಗಿಸ್ತೀವಿ ಅಂತ ಬರೆದಿದ್ದೀರಿ. ಉತ್ತರನ ಪೌರುಷ ಒಲೆಯ ಮುಂದೆ! ಸಿಟ್ಟಾಗಬೇಡಿ. ಮೂರು ವರ್ಷದ ಹಿಂದೆ ಹೆಚ್ಚುಕಡಿಮೆ ಇದೇ ಪಟ್ಟಿ ಹಿಡಿದು ನಾನೂ ಹೊರಟಿದ್ದೆ.

ಏನಾಯಿತು ಗೊತ್ತಾ? ಸಾಧನಕೇರಿಯಲ್ಲಿ ಫೋಟೊ, ಪೇಢೆ, ಮತ್ತೆ ಫೋಟೊ ಅಂತ ಹತ್ತು ಗಂಟೆ ಆಯಿತು. ಗದಗ ಮುಟ್ಟಿದಾಗ ಒಂದೂವರೆ. ಗುಡಿ ಬಾಗಿಲು ಹಾಕಿತ್ತು. ಕುಮಾರವ್ಯಾಸ ಒದ್ದೆ ಬಟ್ಟೆಯಲ್ಲಿ ಕಂಬಕ್ಕೆ ಒರಗಿ, ಬಟ್ಟೆ ಆರುವ ತನಕ ತನ್ನ ಕನ್ನಡ ಮಹಾಭಾರತ ಹೇಳುತ್ತಿದ್ದ ಅನ್ನುವ ಕಥೆಯನ್ನು ದಾರಿಯುದ್ದಕ್ಕೂ ಹೇಳಿಕೊಂಡು ಬಂದವನು ನಾನೇ. ಆ ಕಂಬ ಒಳಗೆ, ನಾವು ಹೊರಗೆ. ಬರಿಗಾಲಲ್ಲಿ ಕಾದ ಕಲ್ಲಿನ ಮೇಲೆ ಕುಣಿದಿದ್ದೇ ಬಂತು. ಲಕ್ಕುಂಡಿಗೆ ಇಪ್ಪತ್ತು ನಿಮಿಷ. ಹಾನಗಲ್ಲ ಸೇರಿದಾಗ ಕತ್ತಲೆ. ಕುಂತಿದಿಬ್ಬ ಅಂತ ಚಹಾ ಅಂಗಡಿಯವರು ಕೈ ತೋರಿಸಿದ ಕಡೆ ಕರ್ರಗೆ ಏನೋ ಕಂಡಿತು, ಅಷ್ಟೇ. ವಾಪಸ್ ಬಂದು ಫೋಟೊ ನೋಡಿದರೆ ಯಾವ ಕಂಬ ಯಾವ ಗುಡಿಯದು ಅಂತ ನಮ್ಮಲ್ಲೇ ಜಗಳ.

ಆಮೇಲೆ ನಾನು ಮಾಡಿಕೊಂಡ ನಿಯಮ: ಒಂದು ದಿನ, ಒಂದು ಕಥೆ. ಜಾಸ್ತಿ ಅಂದರೆ ಎರಡು ಜಾಗ. ಮತ್ತೆ ಅಲ್ಲೇ ಕೂತು ಗಟ್ಟಿಯಾಗಿ ಓದಬೇಕು. ಓದದಿದ್ದರೆ ಅದು ಬರೀ ಗುಡಿ ಸುತ್ತುವ ಟ್ರಿಪ್.

ಎರಡನೇ ಸಲ ಹಾನಗಲ್ಲ ಒಂದಕ್ಕೇ ಹೋದೆವು. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ಅದೇ ಅನ್ನುವ ಹೇಳಿಕೆ ನಿಮಗೆ ಗೊತ್ತಿದ್ದದ್ದೇ. ಕುಮಾರವ್ಯಾಸನ ವಿರಾಟಪರ್ವದಲ್ಲಿ ವಿರಾಟನ ಮಗ ಉತ್ತರ ಹೆಂಗಸರ ಮುಂದೆ ಜಂಬ ಕೊಚ್ಚುವುದರಿಂದ ಹಿಡಿದು ಕೌರವ ಸೇನೆ ಕಂಡು ರಥದಿಂದ ಹಾರಿ ಓಡುವ ತನಕ ಝೆರಾಕ್ಸ್ ಮಾಡಿಸಿದ್ದೆ, ನಾಲ್ಕು ಸೆಟ್. ಒಬ್ಬ ಉತ್ತರ, ಒಬ್ಬ ಬೃಹನ್ನಳೆ (ವೇಷ ಮರೆಸಿದ ಅರ್ಜುನ), ಒಬ್ಬ ದ್ರೌಪದಿ, ಉಳಿದದ್ದೆಲ್ಲಾ ನಾನು. ದಿಬ್ಬದ ಹತ್ತಿರ ನೆರಳು ಹುಡುಕಿ ಕೂತೆವು. ಮೊದಲು ನಾಚಿಕೆ, ಬರೀ ನಗು. ಹಾಳೆ ಗಾಳಿಗೆ ಹಾರುತ್ತಿತ್ತು, ಅದರ ಮೇಲೆ ಚಪ್ಪಲಿ ಇಟ್ಟೆವು. ಕುಮಾರವ್ಯಾಸ ಕ್ಷಮಿಸಲಿ. ಸ್ವಲ್ಪ ಹೊತ್ತಿಗೆ ಟವೆಲ್ ಹೊದ್ದ ಅಜ್ಜ ಒಬ್ಬರು ಬಂದು "ಏನ್ರಪಾ, ನಾಟಕದ ತಾಲೀಮೇನು?" ಅಂದರು. ವಿಷಯ ಹೇಳಿದ್ದಕ್ಕೆ ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಉತ್ತರ ಓಡಿದ ಕಡೆ ನಮಗಿಂತ ಮೊದಲು ನಕ್ಕರು. ನಮ್ಮ ಉತ್ತರನಿಗೆ "ನೀ ಅಂಜಿದಂಗ ಓದವಲ್ಲಿ" ಅಂತ ಬೈದು ಎರಡನೇ ಸಲ ಓದಿಸಿದರು! ಅವತ್ತಿನ ಫೋಟೊ ನನ್ನ ಹತ್ತಿರ ಮೂರೇ ಇವೆ.

ಓದೋಕೆ ಬರಲ್ಲ ಅನ್ನಬೇಡಿ. ಆರು ಸಾಲಿನ ಭಾಮಿನಿ ಷಟ್ಪದಿ ಅಲ್ವಾ, ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆ ಅಂತ ತೊಡೆ ತಟ್ಟಿಕೊಳ್ಳಿ, ನಾಲಿಗೆ ತಾನೇ ಹರಿಯುತ್ತದೆ. ಮೂರನೇ ಮತ್ತು ಆರನೇ ಸಾಲು ಉದ್ದ, ಮೊದಲೇ ಉಸಿರು ತುಂಬಿಕೊಳ್ಳಿ. ಮೊಬೈಲಿನಲ್ಲಿ ಪಿಡಿಎಫ್ ಬೇಡವೇ ಬೇಡ. ಬಿಸಿಲಿಗೆ ಸ್ಕ್ರೀನ್ ಕಾಣಲ್ಲ, ನಡುವೆ ಫೋನ್ ಬರುತ್ತದೆ. ಕುವೆಂಪು, ಮಾಸ್ತಿ ಸಂಪಾದಿಸಿದ ಕುಮಾರವ್ಯಾಸ ಭಾರತದ ಪುಸ್ತಕ ಸಿಕ್ಕರೆ ಅದರಿಂದ ಝೆರಾಕ್ಸ್ ಮಾಡಿಸಿ. ಅಕ್ಷರ ಸಣ್ಣ ಅನಿಸಿದರೆ ದೊಡ್ಡದು ಮಾಡಿಸಿಕೊಳ್ಳಿ, ಚಾಳೀಸು ದಾಟಿದವರು ಇದ್ದೇ ಇರುತ್ತಾರೆ. ಬರುವವರೆಲ್ಲಾ ಆ ಭಾಗವನ್ನು ಮನೆಯಲ್ಲೇ ಒಂದು ಸಲ ಓದಿರಬೇಕು. ಓದದೆ ಬಂದವರು ಇಡೀ ದಿನ ಬ್ಯಾಗ್ ಹೊರಲಿ.

ಓದೋದರಲ್ಲೇ ಮುಳುಗಿ ಹಾನಗಲ್ಲಿನ ತಾರಕೇಶ್ವರ ಗುಡಿ ಬಿಡಬೇಡಿ ಮತ್ತೆ. ಒಳಗೆ ಛತ್ತಿನಲ್ಲಿ ಕಮಲ ಕಡೆದಿದ್ದಾರೆ. ನಿಂತು ನೋಡಿದರೆ ಕುತ್ತಿಗೆ ನೋವು, ನೆಲದ ಮೇಲೆ ಕೂತು ನೋಡಿ.

ಗದಗ ಬೇರೆ ದಿನ. ಒಂಬತ್ತರ ಒಳಗೆ ಗುಡಿಯಲ್ಲಿರಿ. ಲಕ್ಕುಂಡಿ ಅಲ್ಲಿಂದ ಹನ್ನೆರಡು ಕಿಲೋಮೀಟರ್ ಅಷ್ಟೇ, ಎರಡನ್ನೂ ಜೋಡಿಸಬಹುದು. ಆದರೆ ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯ ಬಸದಿ ಮೊದಲು, ಬಾವಿಗಳು ಆಮೇಲೆ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ ತಾಯಿ ಆಕೆ. ನಾವು ನಾಲ್ಕು ಸೆಟ್ ಝೆರಾಕ್ಸಿಗೆ ಚೌಕಾಸಿ ಮಾಡ್ತೀವಿ.

ಕಾಗಿನೆಲೆಗೆ ಹೋಗುವ ದಿನ ಅಕ್ಕಿ-ರಾಗಿ ಜಗಳದ ಕಥೆ, ಕನಕದಾಸರ ರಾಮಧಾನ್ಯ ಚರಿತ್ರೆ ಹಿಡಿದುಕೊಳ್ಳಿ. ಅಕ್ಕಿ ಪಕ್ಷ, ರಾಗಿ ಪಕ್ಷ ಅಂತ ಎರಡು ಗುಂಪಾಗಿ ಓದಿದರೆ ಮಜಾ. ನಮ್ಮ ಕಡೆಯವರಿಗೆ ಮೂರನೇ ಪಕ್ಷ ಜೋಳದ್ದು, ಅದು ಬುತ್ತಿಯಲ್ಲಿ ಇದ್ದೇ ಇರುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಸಾಕು. ಬದನೆಕಾಯಿ ಎಣ್ಣೆಗಾಯಿ ಡಬ್ಬಿ ಮಾತ್ರ ಹಾಳೆಗಳ ಬ್ಯಾಗಿನಲ್ಲಿ ಇಡಬೇಡಿ. ಚಹಾಕ್ಕೆ ಮಿಲ್ಟನ್ ಫ್ಲಾಸ್ಕ್ ಒಳ್ಳೆಯದು. ನಮ್ಮದು ಹತ್ತು ವರ್ಷದ್ದು, ಇನ್ನೂ ಸುಡುಸುಡು ಇಡುತ್ತದೆ.

ಇನ್ನು ಗಾಡಿ. ಎರ್ಟಿಗಾದಲ್ಲಿ ಎಂಟು ಮಂದಿ ಅಂದರೆ ಹಿಂದಿನ ಸೀಟಿನವರ ಮೊಣಕಾಲು ಗದ್ದಕ್ಕೆ ಬರುತ್ತದೆ. ಕ್ರೂಸರ್ ಬಾಡಿಗೆಗೆ ಹಿಡಿಯಿರಿ. ಗದಗಿಗಾದರೆ ಹುಬ್ಬಳ್ಳಿಯಿಂದ ರೈಲೇ ಇದೆ, ಸುಮ್ನೆ ಡೀಸೆಲ್ ಯಾಕೆ ಸುಡಬೇಕು?

ಆಗೋದಾದರೆ ದಸರಾ ಹತ್ತಿರ ಹಾನಗಲ್ಲಿಗೆ ಹೋಗಿ. ಪಾಂಡವರು ಆಯುಧ ಬಚ್ಚಿಟ್ಟ ಭಾಗವನ್ನು ಯಾವುದಾದರೂ ಬನ್ನಿ ಮರದ ಕೆಳಗೆ ಓದಿ. ಇದೇ ಆ ಮರ ಅಂತ ಯಾರೂ ಬೋರ್ಡ್ ಹಾಕಬೇಕಾಗಿಲ್ಲ. ನನ್ನ ಉತ್ತರನ ಸೆಟ್ ಇನ್ನೂ ಇದೆ, ಬೇಕಾದರೆ ಹೇಳಿ. ಎಣ್ಣೆಗಾಯಿ ಸೋರಿ ಕೊನೆಯ ಎರಡು ಹಾಳೆ ಅಂಟಿಕೊಂಡಿವೆ, ಅವನ್ನಷ್ಟೇ ಬೇರೆ ಮಾಡಿಸಿಕೊಳ್ಳಿ.