ಡಿಸ್ಟ್ರೊ ರಿಲೀಸ್‌ಗೆ ಮುಂಚೆ ಬಿಲ್ಡ್ ಫೇಲ್ ಆಗಿರೋ ಪ್ಯಾಕೇಜ್‌ಗಳನ್ನ ಟ್ರ್ಯಾಕ್ ಮಾಡೋಕೆ ಸ್ಪ್ರೆಡ್‌ಶೀಟ್ ಸಾಕಾ, ಡ್ಯಾಶ್‌ಬೋರ್ಡ್ ಬೇಕಾ?

ಡ್ಯಾಶ್‌ಬೋರ್ಡ್ ವಿಷ್ಯ ಆಮೇಲೆ. ನಮ್ಮ ಡಿಸ್ಟ್ರೊನ (ಲಿನಕ್ಸ್ ಜೊತೆ ಬೇಕಾದ ಸಾಫ್ಟ್‌ವೇರ್ ಪ್ಯಾಕೇಜ್‌ಗಳ ಕಟ್ಟು) ಡೆಬಿಯನ್ 13 ಅನ್ನೋ ಲಿನಕ್ಸ್ ಬೇಸ್‌ಗೆ ತರ್ತಿದೀವಿ, ರಿಲೀಸ್‌ಗೆ ಆರು ವಾರ ಇದೆ, ಸೋರ್ಸ್ ಕೋಡ್‌ನಿಂದ ಬಿಲ್ಡ್ ಮಾಡಿದ್ರೆ ಸುಮಾರು 200 ಪ್ಯಾಕೇಜ್ ಫೇಲ್, ಅದ್ರಲ್ಲಿ 9 ಪ್ಯಾಕೇಜ್ ರಿಟ್ರೈ ಹೊಡೆದ್ರೆ ಪಾಸ್ ಆಗ್ತವೆ ಅಂತ ಲೆಕ್ಕದಿಂದ ತೆಗೆದಿದೀನಿ ಅಂತ ಬರ್ದಿದೀರಲ್ಲ, ಆ 9 ಓದಿದ ತಕ್ಷಣ ಎದೆ ಧಸಕ್ ಅಂತು. ನಾನು ತೆಗೆದಿದ್ದು ಒಂದೇ ಒಂದು.

2023ರ ಜೂನ್‌ನಲ್ಲಿ ಡೆಬಿಯನ್ 12 ಬಂತು. ನಾನಾಗ ಬೆಂಗಳೂರಲ್ಲಿ ಒಂದು ಕಂಪನಿಲಿದ್ದೆ, ಫ್ಯಾಕ್ಟರಿಗಳಲ್ಲಿ ಕೂರಿಸೋ ಕಂಟ್ರೋಲ್ ಬಾಕ್ಸ್‌ಗೆ ಡೆಬಿಯನ್ ಮೇಲೆ ಕಟ್ಟಿದ ನಮ್ಮದೇ ಡಿಸ್ಟ್ರೊ, ಅದನ್ನ 11ರಿಂದ 12ಕ್ಕೆ ತರೋ ಕೆಲಸ ನಂದು, ನವೆಂಬರ್‌ಗೆ ರಿಲೀಸ್. ಎಲ್ಲಾ ಪ್ಯಾಕೇಜ್‌ನೂ ಒಂದ್ಸಲ ಹೊಸದಾಗಿ ಬಿಲ್ಡ್‌ಗೆ ಹಾಕಿದೆ, ಬೆಳಿಗ್ಗೆ ಬಂದು ನೋಡಿದ್ರೆ ಶೀಟಲ್ಲಿ 140 ಸಾಲು ಕೆಂಪು. ಬಹುಪಾಲಿಗೆ ಕಾರಣ ಎರಡೇ. ಎನ್‌ಕ್ರಿಪ್ಷನ್ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 3 ಬಂದಿತ್ತು, ಹಳೇ ಎಮ್‌ಡಿ5, ಎಸ್‌ಎಚ್‌ಎ ಫಂಕ್ಷನ್‌ಗಳಿಗೆಲ್ಲ ವಾರ್ನಿಂಗ್, ನಮ್ಮೋರು ವಾರ್ನಿಂಗ್ ಬಂದ್ರೂ ಎರರ್ ಅಂತ ಫ್ಲಾಗ್ ಹಾಕಿಟ್ಟಿದ್ರು. ಇನ್ನೊಂದು ಪೈಥಾನ್ 3.9ರಿಂದ 3.11ಕ್ಕೆ ಹಾರಿತ್ತು, ಕಲೆಕ್ಷನ್ಸ್‌ನಿಂದ ಮ್ಯಾಪಿಂಗ್ ಇಂಪೋರ್ಟ್ ಮಾಡೋ ಹಳೇ ಕೋಡ್ ಎಲ್ಲ 3.10ರಿಂದ ಓಡಲ್ಲ. ಇವೆರಡನ್ನ ಸರಿ ಮಾಡಿದ್ಮೇಲೆ ಮೂರು ವಾರದಲ್ಲಿ 140 ಇದ್ದಿದ್ದು 11ಕ್ಕೆ ಬಂತು. ಪ್ರತಿ ಸೋಮವಾರ ಮೀಟಿಂಗಲ್ಲಿ ಮ್ಯಾನೇಜರ್ ಒಂದೇ ಪ್ರಶ್ನೆ ಕೇಳೋರು, ಎಷ್ಟು ಉಳಿದಿದೆ ಅಂತ. ಬರ್ತಾ ಬರ್ತಾ ನಂಗೂ ಆ ನಂಬರ್ ಬಿಟ್ಟು ಬೇರೆ ಏನೂ ಕಾಣದೆ ಹೋಯ್ತು.

ಉಳಿದ 11ರಲ್ಲಿ ಒಂದು ಸಣ್ಣ ಸಿ ಲೈಬ್ರರಿ, ಕಾನ್ಫಿಗ್ ಫೈಲ್ ಓದೋದು, ನೆಟ್‌ವರ್ಕಿಂದ ಬರೋ ಕಾನ್ಫಿಗ್ ಕೂಡ ಅದ್ರ ಮೂಲಕನೇ ಹೋಗ್ತಿತ್ತು. ಶುಕ್ರವಾರ ಸಂಜೆ ನೋಡಿದೆ, ಪಾರ್ಸರ್ (ಫೈಲ್‌ನ ಅರ್ಥ ಬಿಡಿಸೋ ಭಾಗ) ಹೆಡರ್ ಫೈಲ್ ಸಿಗ್ತಿಲ್ಲ ಅಂತ ಕಂಪೈಲರ್ ನಿಂತಿದೆ. ರಿಟ್ರೈ ಒತ್ತಿದೆ, ಮತ್ತೆ ಫೇಲ್. ಇನ್ನೊಂದ್ಸಲ ಒತ್ತಿದೆ, ಪಾಸ್. "ಫ್ಲೇಕಿ, ರಿಟ್ರೈಗೆ ಪಾಸ್" ಅಂತ, ಅಂದ್ರೆ ಸುಮ್ನೆ ಒಮ್ಮೆ ಫೇಲ್ ಒಮ್ಮೆ ಪಾಸ್ ಆಗೋದು ಅಂತ, ಬರೆದು ಸಾಲಿಗೆ ಹಸಿರು ಹಾಕಿ ಮನೆಗೆ ಹೋದೆ.

ಆ ಸಂಜೆ ನಾನು ಮಾಡಿದ್ದು ಏನು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಆಗ ನಂಗೆ ಅದು ತಪ್ಪು ಅಂತಾನೇ ಅನಿಸಿರಲಿಲ್ಲ. ಡೆಬಿಯನ್ ಪ್ಯಾಕೇಜ್ ಕಟ್ಟೋ ಸಾಧನ ಡೆಬ್‌ಹೆಲ್ಪರ್, ಅದು ಯಾವ ನಿಯಮದಂತೆ ನಡೀಬೇಕು ಅನ್ನೋ ಮಟ್ಟಕ್ಕೆ ಕಂಪ್ಯಾಟ್ ಅಂತಾರೆ. ಆ ಪ್ಯಾಕೇಜ್ ಕಂಪ್ಯಾಟ್ 9ರಲ್ಲಿತ್ತು, ಹೇಗೂ ಕೈ ಹಾಕಿದೀನಲ್ಲ ಅಂತ 13ಕ್ಕೆ ಏರಿಸಿದ್ದು ನಾನೇ. ಕಂಪ್ಯಾಟ್ 10ರಿಂದ ಮುಂದಕ್ಕೆ ಬಿಲ್ಡ್ ತಾನಾಗೇ ಪ್ಯಾರಲಲ್ ಓಡತ್ತೆ, ಮೆಷಿನ್‌ಲಿ ಎಷ್ಟು ಕೋರ್ ಇದೆಯೋ ಅಷ್ಟು ಕೆಲಸ ಒಟ್ಟಿಗೆ ಶುರು. ಆ ಲೈಬ್ರರಿಲಿ ಬೈಸನ್ (ಪಾರ್ಸರ್ ಕೋಡ್ ಹುಟ್ಟಿಸೋ ಸಾಧನ) ಒಂದು ಹೆಡರ್ ಹುಟ್ಟಿಸಬೇಕು, ಲೆಕ್ಸರ್ (ಪದ ಪದ ಬಿಡಿಸೋ ಕೋಡ್) ಅದನ್ನ ಓದಬೇಕು, ಆದ್ರೆ ಬಿಲ್ಡ್‌ನ ಸರದಿ ಬರೆದಿಡೋ ಮೇಕ್‌ಫೈಲಲ್ಲಿ ಲೆಕ್ಸರ್‌ಗೆ ಮೊದ್ಲು ಆ ಹೆಡರ್ ಬೇಕು ಅಂತ ಯಾರೂ ಬರೆದೇ ಇಲ್ಲ. ಒಂದೊಂದಾಗಿ ಓಡೋವಾಗ ಪಾರ್ಸರ್ ಪಟ್ಟಿಲಿ ಮೊದ್ಲಿತ್ತು, ವರ್ಷಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. 8 ಕೋರ್ ಮೆಷಿನ್‌ಲಿ ಬೈಸನ್ ಬೇಗ ಮುಗಿಸಿದ್ರೆ ಪಾಸ್, ತಡ ಆದ್ರೆ ಫೇಲ್. ಕಾರಣ ಇದ್ದೇ ಇತ್ತು, ಮೆಷಿನ್ ಎರಡು ಸಲ ನಂಗೆ ಹೇಳಿತ್ತು, ನಾನು ಅದು ಬಾಯಿ ಮುಚ್ಚೋವರೆಗೂ ಒತ್ತಿದೆ ಅಷ್ಟೆ. ಮೇಲಾಗಿ ನಮ್ಮ ಸಿಐ (ತಾನಾಗೇ ಬಿಲ್ಡ್ ಓಡಿಸೋ ವ್ಯವಸ್ಥೆ) ಕೊನೇ ಬಿಲ್ಡ್‌ನ ಲಾಗ್ ಮಾತ್ರ ಇಟ್ಕೊಳ್ತಿತ್ತು, ಪಾಸ್ ಆದ ಕ್ಷಣಕ್ಕೆ ಫೇಲ್ ಆಗಿದ್ದರ ಗುರುತೂ ಹೋಯ್ತು. ಶೀಟಲ್ಲಿ ನಾನು ಬರೆದ ಮೂರು ಪದ ಉಳೀತು, ರಿಲೀಸ್ ಆದ್ಮೇಲೆ ಅದನ್ನೂ ತೆಗೆದು ಬರೀ ಹಸಿರು ಬಿಟ್ಟೆ.

2024ರ ಮಾರ್ಚ್, ಶಿವರಾತ್ರಿ ಹಿಂದಿನ ದಿನ ಅದೇ ಲೈಬ್ರರಿಲಿ ಬಫರ್ ಓವರ್‌ಫ್ಲೋ (ಮೆಮೊರಿಲಿ ಇಟ್ಟ ಜಾಗ ಮೀರಿ ಬರೆಯೋ ಸೆಕ್ಯುರಿಟಿ ದೋಷ) ಸಿಕ್ತು. ಗಿರಾಕಿಗೆ 72 ಗಂಟೆಲಿ ಅಪ್ಡೇಟ್ ಕೊಡ್ತೀವಿ ಅಂತ ಒಪ್ಪಂದ. ನಾನು ರಜೆ ಹಾಕಿ ಊರಿಗೆ ಹೋಗಿದ್ದೆ. ಡ್ಯೂಟಿಲಿ ಇದ್ದಿದ್ದು ಸೇರಿ ಆರು ತಿಂಗಳೂ ಆಗದ ಒಬ್ಬ ಹುಡುಗಿ. ಪ್ಯಾಚ್ ನಾಲ್ಕೇ ಸಾಲು, ಸಂಜೆಯೊಳಗೆ ಬರೆದು ಬಿಲ್ಡ್‌ಗೆ ಹಾಕಿದಾಳೆ, ಫೇಲ್. ಅಷ್ಟೊತ್ತಿಗೆ ಬಿಲ್ಡ್ ಮೆಷಿನ್ ಬದಲಾಗಿತ್ತು, 32 ಕೋರ್, ಎಲ್ಲ ಒಂದೇ ಸಲ ಶುರು ಆಗೋದು, ಅಲ್ಲಿ ಪಾಸ್ ಆಗೋ ಮಾತೇ ಇಲ್ಲ. ಅವಳು ಶೀಟ್ ತೆಗೆದು ನೋಡಿದಾಳೆ, ಹಸಿರು. ಅಂದ್ರೆ ರಿಲೀಸ್‌ಲಿ ಚೆನ್ನಾಗಿ ಬಿಲ್ಡ್ ಆಗಿದೆ, ಈಗ ಆಗ್ತಿಲ್ಲ, ಹಂಗಾದ್ರೆ ನನ್ನ ಪ್ಯಾಚೇ ತಪ್ಪು ಅಂತ ಆ ನಾಲ್ಕು ಸಾಲನ್ನ ಮೂರು ರಾತ್ರಿ ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಮಾಡಿದಾಳೆ. ಊರೆಲ್ಲ ಒಂದು ರಾತ್ರಿ ಜಾಗರಣೆ ಮಾಡಿತು, ಅವಳು ಮೂರು ರಾತ್ರಿ. ಹಬ್ಬದ ದಿನ ಫೋನ್ ಮಾಡಬಾರದು ಅಂತ ನಂಗೆ ಹೇಳಲೂ ಇಲ್ಲ.

ಸೋಮವಾರ ಬೆಳಿಗ್ಗೆ ಬಂದು ಲಾಗ್ ನೋಡಿದೆ. ಪಾರ್ಸರ್ ಹೆಡರ್. ಓದಿದ ತಕ್ಷಣ ಆ ಶುಕ್ರವಾರ ಸಂಜೆ ನೆನಪಾಯ್ತು. ಮೇಕ್‌ಫೈಲಿಗೆ ಒಂದು ಸಾಲು ಸೇರಿಸಿದೆ, ಹತ್ತು ನಿಮಿಷದಲ್ಲಿ ಬಿಲ್ಡ್ ಆಯ್ತು. ಪ್ಯಾರಲಲ್ ಓಡಿಸಿದ್ರೆ ಫೇಲ್ ಅಂತ ನಾನು ನವೆಂಬರಲ್ಲೇ ಬರೆದಿಟ್ಟಿದ್ರೆ ಅವಳು ಒಂದೇ ಕೋರಲ್ಲಿ ಓಡಿಸಿ ಮೊದಲ ದಿನವೇ ಅಪ್ಡೇಟ್ ಕಳ್ಸಿ ಮನೆಗೆ ಹೋಗಿರೋಳು. ಅಪ್ಡೇಟ್ ಹೋಗಿದ್ದು ಐದನೇ ದಿನ. ಮೀಟಿಂಗಲ್ಲಿ ನಾನು ಬಾಯಿ ಬಿಡೋಕ್ ಮುಂಚೆನೇ ಅವಳು ಎದ್ದು ಸಾರಿ ಕೇಳಿದ್ಲು. ಅದು ನನ್ನ ತಪ್ಪು ಅಂತ ಅಲ್ಲೇ ಎಲ್ಲರ ಮುಂದೆ ಹೇಳಿದೆ, ಆದ್ರೆ ಆ ಮೂರು ರಾತ್ರಿ ವಾಪಸ್ ಕೊಡೋಕಾಗಲ್ವಲ್ಲ.

ಈಗ ನಿಮ್ಮ ಪ್ರಶ್ನೆ. 200ನ್ನ ಬೇಗ ಸೊನ್ನೆ ಮಾಡೋದು ಹೇಗೆ ಅಂತ ಕೇಳಿದೀರಿ, ನಾನು ಆ ಗುರಿನೇ ಒಪ್ಪಲ್ಲ. ಬಿಲ್ಡ್ ಆಗದ ಪ್ಯಾಕೇಜ್‌ನ ಹಳೇ ಬೈನರಿ (ಮುಂಚೆ ಬಿಲ್ಡ್ ಆಗಿದ್ದ ಪ್ರೋಗ್ರಾಮ್) ಎಷ್ಟೋ ಸಲ ಓಡ್ತಾನೇ ಇರತ್ತೆ, ಇವತ್ತು ತೊಂದ್ರೆ ಕಾಣಲ್ಲ. ರಿಲೀಸ್ ಆದ್ಮೇಲೆ ವರ್ಷಗಟ್ಟಲೆ ಸೆಕ್ಯುರಿಟಿ ಫಿಕ್ಸ್ ಕೊಡಬೇಕಲ್ಲ, ಅವತ್ತು ಸೋರ್ಸ್‌ನಿಂದ ಬಿಲ್ಡ್ ಆಗಬೇಕು, ಅದಕ್ಕೇ ಈ ಕೆಲಸ. ಡೆಬಿಯನ್‌ನೋರು ಸೋರ್ಸಿಂದ ಬಿಲ್ಡ್ ಆಗಲ್ಲ ಅನ್ನೋ ದೋಷಕ್ಕೆ ಸೀರಿಯಸ್ ಅಂತ ದರ್ಜೆ ಕೊಟ್ಟು, ಸರಿ ಮಾಡದಿದ್ರೆ, ಮುಖ್ಯ ಅಂತ ಗುರುತಿಸಿದ ಕೀ ಪ್ಯಾಕೇಜ್ ಅಲ್ಲದಿದ್ರೆ, ಮುಂದಿನ ರಿಲೀಸ್ ಸಿದ್ಧ ಆಗೋ ಟೆಸ್ಟಿಂಗ್ ಅನ್ನೋ ಭಾಗದಿಂದ ತಾನಾಗೇ ತೆಗೆದುಹಾಕೋದು ಅದಕ್ಕೇನೇ. ನಿಮ್ಮಲ್ಲೂ ಯಾರೂ ಮುಟ್ಟದ ಪ್ಯಾಕೇಜ್ ಇದ್ರೆ ತೆಗೀರಿ, ತೆಗೆಯೋಕೆ ಮ್ಯಾನೇಜರ್ ಒಪ್ಪಲ್ಲ ಅಂದ್ರೆ ಅದನ್ನ ನೋಡ್ಕೊಳೋಕೆ ಒಬ್ಬರ ಹೆಸರು ಕೇಳಿ.

ಸ್ಪ್ರೆಡ್‌ಶೀಟ್ ಧಾರಾಳವಾಗಿ ಸಾಕು. ಸಾಲು ಮಾತ್ರ ಪ್ಯಾಕೇಜ್ ಹೆಸರಲ್ಲಿ ಬೇಡ, ಕಾರಣದ ಹೆಸರಲ್ಲಿ ಮಾಡಿ. ಡೆಬಿಯನ್ 13ರಲ್ಲಿ ಸಿ ಕಂಪೈಲರ್ ಜಿಸಿಸಿ 14 ಇದೆ, ಡಿಕ್ಲೇರ್ ಮಾಡದೆ ಫಂಕ್ಷನ್ ಕರೆದ್ರೆ ಮೊದ್ಲು ವಾರ್ನಿಂಗ್ ಇತ್ತು, ಈಗ ಎರರ್, ಹಳೇ ಸಿ ಕೋಡ್ ರಾಶಿ ಬೀಳೋದು ಅಲ್ಲೇ. ಪೈಥಾನ್ 3.13 ಬಂದಿದೆ, ಅದ್ರ ಜೊತೆ ಬರ್ತಿದ್ದ ಮಾಡ್ಯೂಲ್‌ಗಳಲ್ಲಿ ಡಿಸ್ಟ್‌ಯುಟಿಲ್ಸ್ 3.12ರಲ್ಲೇ ಹೋಯ್ತು, ಸಿಜಿಐ, ಕ್ರಿಪ್ಟ್ ಇವೆಲ್ಲ 3.13ರಲ್ಲಿ ಹೋದ್ವು. ನಿಮ್ಮ 200ರಲ್ಲಿ ಮುಕ್ಕಾಲು ಭಾಗ ಇಂಥ ನಾಕೈದು ಸಾಲಿಗೇ ಇಳಿಯತ್ತೆ ಅಂತ ನನ್ನ ಅಂದಾಜು. ಮೊದಲ ಫೇಲ್‌ನ ಲಾಗ್ ಬೇರೆ ಫೋಲ್ಡರ್‌ಗೆ ಹಾಕಿ, ಅದಾಗೋವರೆಗೆ ರಿಟ್ರೈ ಬಟನ್ ಯಾರಿಗೂ ಕೊಡಬೇಡಿ, ನಾನಂತೂ ಈಗಿನ ಟೀಮಲ್ಲಿ ಕೊಟ್ಟಿಲ್ಲ.

ಆ 9ನ್ನ ಇವತ್ತೇ ವಾಪಸ್ ಶೀಟಿಗೆ ತನ್ನಿ, ಎಲ್ಲಕ್ಕಿಂತ ಮೇಲೆ. ಒಂದು ಕೋರಲ್ಲಿ ಒಂದ್ಸಲ, ನಿಮ್ಮ ಹತ್ರ ಇರೋ ದೊಡ್ಡ ಮೆಷಿನ್‌ಲಿ ಒಂದ್ಸಲ ಓಡಿಸಿ. ಮೇಕ್‌ಫೈಲ್ ಓಡಿಸೋ ಸಾಧನ ಮೇಕ್, ಅದ್ರ 4.4ರಲ್ಲಿ ಶಫಲ್ ಅಂತ ಆಪ್ಷನ್ ಬಂದಿದೆ, ಕೆಲಸದ ಸರದಿನ ಬೇಕಂತಲೇ ಕಲಸಿ ಓಡಿಸತ್ತೆ, ಬರೆಯದೆ ಬಿಟ್ಟ ಡಿಪೆಂಡೆನ್ಸಿ (ಯಾವುದಕ್ಕೆ ಮೊದ್ಲು ಯಾವುದು ಬೇಕು ಅನ್ನೋದು) ಇದ್ರೆ ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬೀಳತ್ತೆ, ಡೆಬಿಯನ್ 13ರಲ್ಲಿ ಆ ಮೇಕ್ ಇದೆ. ಅದ್ರಲ್ಲೂ ಸಿಗದಿದ್ರೆ ಮಷಿನ್ ತಾರೀಕು ಒಂದು ವರ್ಷ ಮುಂದೆ ಇಟ್ಟು ಓಡಿಸಿ, ಕೆಲವು ಟೆಸ್ಟ್ ಒಳಗೆ ಅವಧಿ ಮುಗಿಯೋ ಸರ್ಟಿಫಿಕೇಟ್ ಇಟ್ಟಿರ್ತಾರೆ. ಒಂಬತ್ತರದ್ದೂ ಮೊದಲ ಎರರ್ ಸಾಲು ಕಾಮೆಂಟಲ್ಲಿ ಹಾಕಿ, ರಾತ್ರಿ ಕೂತು ನೋಡ್ತೀನಿ.